ಬೆಂಚು ಬಿಟ್ಟು ನೆಲಕ್ಕಿಳಿದ ಶಾಲೆ: ಕೋಟೆ ಸೀಮೆಯ ನಲಿ-ಕಲಿ ಕೋಣೆ

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಸುಮಾರು 50 ಕಿಲೋಮೀಟರು ಸಾಗಿದರೆ ಹೆಗ್ಗಡದೇವನಕೋಟೆ. ಸುತ್ತಲಿನವರ ಬಾಯಲ್ಲಿ ಅದು ಬರೀ ‘ಕೋಟೆ’. ಪೇಟೆಗೆ ಅಂಟಿಕೊಂಡಂತಿರುವ ಹ್ಯಾಂಡ್‌ಪೋಸ್ಟ್‌ನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಸರಗೂರಿಗೆ, ಇನ್ನೊಂದು ಅಂತರಸಂತೆಯ ಮೇಲೆ ಹಾದು ಕಾಡಿನೊಳಕ್ಕೆ, ಅಲ್ಲಿಂದ ಕೇರಳದ ಗಡಿಗೆ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳನ್ನು ಮಡಿಲಲ್ಲಿಟ್ಟುಕೊಂಡ ಸೀಮೆ ಇದು. ರಸ್ತೆಯ ಎರಡೂ ಬದಿಗೆ ರಾಗಿ, ಹತ್ತಿ, ಶುಂಠಿ. ನಡುನಡುವೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಬ್ಯಾರನ್ನುಗಳು. ಕಾಡಿನ ಅಂಚಿಗೆ ಹೋದಂತೆ ಜೇನುಕುರುಬರ, ಕಾಡುಕುರುಬರ ಹಾಡಿಗಳು.

ಹೊರಗಿನವರಿಗೆ ಈ ಸೀಮೆ ಗೊತ್ತಿರುವುದು ಆನೆಗಳಿಂದ. ಮೈಸೂರು ಅರಸರ ಕಾಲದ ಖೆಡ್ಡಾಗಳು ನಡೆದದ್ದು ಇಲ್ಲಿನ ಕಾಕನಕೋಟೆಯ ಕಾಡಿನಲ್ಲಿ. ಮಾಸ್ತಿಯವರ ನಾಟಕದಿಂದಾಗಿ ಆ ಹೆಸರು ಕನ್ನಡಿಗರ ಮನಸ್ಸಿನಲ್ಲಿ ಉಳಿದಿದೆ. ಈಗ ಬರುವ ಪ್ರವಾಸಿಗರು ಕಬಿನಿಯ ಹಿನ್ನೀರಿನಲ್ಲಿ ದೋಣಿ ಹತ್ತಿ ಆನೆಯ ಹಿಂಡು ನೋಡುತ್ತಾರೆ, ಅದೃಷ್ಟವಿದ್ದರೆ ಚಿರತೆಯನ್ನೂ ಕಂಡು ವಾಪಸಾಗುತ್ತಾರೆ. ದಾರಿಯಲ್ಲಿ ಸಿಗುವ ಹೆಂಚಿನ ಮಾಡಿನ ಸರ್ಕಾರಿ ಶಾಲೆಗಳ ಮುಂದೆ ಅವರ ಜೀಪುಗಳು ನಿಲ್ಲುವುದಿಲ್ಲ. ನಿಲ್ಲಬೇಕಾದ ಕಾರಣ ಮಾತ್ರ ಇದೆ. ಕರ್ನಾಟಕದ ಪ್ರಾಥಮಿಕ ಶಾಲೆಯ ಕೋಣೆ ತನ್ನ ರೂಪವನ್ನೇ ಬದಲಿಸಿಕೊಂಡದ್ದು ಮೊದಲು ಈ ತಾಲ್ಲೂಕಿನಲ್ಲಿ, 1995ರಲ್ಲಿ.

ಒಂದು ಕೋಣೆ, ನಾಲ್ಕು ತರಗತಿ

ಆಗಿನ ಹಳ್ಳಿ ಶಾಲೆಯ ಚಿತ್ರ ಹೆಚ್ಚಿನವರಿಗೆ ಅಪರಿಚಿತವಲ್ಲ. ಒಂದು ಕೋಣೆ, ಹೆಚ್ಚೆಂದರೆ ಎರಡು. ಒಬ್ಬರು ಮೇಷ್ಟ್ರು, ಅದೃಷ್ಟವಿದ್ದರೆ ಇಬ್ಬರು. ಒಂದರಿಂದ ನಾಲ್ಕರವರೆಗಿನ ಮಕ್ಕಳು ಅದರಲ್ಲೇ. ಮುಂದೆ ಒಂದು ಕಪ್ಪುಹಲಗೆ, ಒಂದು ಕುರ್ಚಿ, ಒಂದು ಮೇಜು. ಮಕ್ಕಳೆಲ್ಲ ಹಲಗೆಯ ಕಡೆ ಮುಖ ಮಾಡಿ ಸಾಲಾಗಿ ಕೂತಿರಬೇಕು. ಮೇಷ್ಟ್ರು ಎರಡನೆಯ ತರಗತಿಗೆ ಕಳೆಯುವ ಲೆಕ್ಕ ಹೇಳಿಕೊಡುವಾಗ ಮಿಕ್ಕ ಮೂರು ತರಗತಿಗಳು ಮಗ್ಗಿ ಬಾಯಿಪಾಠ ಮಾಡುತ್ತಲೋ ಕಾಪಿ ಬರೆಯುತ್ತಲೋ ಕಾಲ ಕಳೆಯಬೇಕು.

ಸಾಲಿನಲ್ಲಿ ಕೂರುವ ಏರ್ಪಾಟು ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡಿರುತ್ತದೆ: ಎಲ್ಲ ಮಕ್ಕಳೂ ಒಂದೇ ದಿನ, ಒಂದೇ ಹೊತ್ತಿನಲ್ಲಿ, ಒಂದೇ ಪಾಠಕ್ಕೆ ಸಿದ್ಧರಿರುತ್ತಾರೆ ಎಂದು. ಕೋಟೆ ಸೀಮೆಯಲ್ಲಿ ಅದು ನಿಜವಾಗಿರಲಿಲ್ಲ. ಹೊಗೆಸೊಪ್ಪು ಕುಯ್ಯುವ ಕಾಲಕ್ಕೆ, ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲದಲ್ಲಿರುತ್ತಿದ್ದರು. ಹಾಡಿಯ ಕುಟುಂಬಗಳು ಕಾಫಿ ಹಣ್ಣಿನ ಕಾಲಕ್ಕೆ ಕೊಡಗಿನ ತೋಟಗಳಿಗೆ ಹೊರಟರೆ ಮಕ್ಕಳೂ ಜೊತೆಗೇ ಹೋಗುತ್ತಿದ್ದರು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಪ್ಪಿಸಿಕೊಂಡ ಹುಡುಗ ವಾಪಸು ಬಂದು ಸಾಲಿನಲ್ಲಿ ಕೂತರೆ ಪಾಠ ಎಷ್ಟೋ ಮುಂದೆ ಹೋಗಿರುತ್ತಿತ್ತು. ಅವನಿಗೆ ಗೊತ್ತಿದ್ದ ಕೊನೆಯ ಅಕ್ಷರಕ್ಕೂ ಹಲಗೆಯ ಮೇಲಿನ ಅಕ್ಷರಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಒಂದೆರಡು ದಿನ ಕೊನೆಯ ಸಾಲಿನಲ್ಲಿ ಕೂತು, ಮೂರನೆಯ ದಿನದಿಂದ ಅವನು ಬರುವುದನ್ನೇ ಬಿಡುತ್ತಿದ್ದ. ‘ಶಾಲೆ ಬಿಟ್ಟ ಮಗು’ ಎಂದು ದಾಖಲೆಯಲ್ಲಿ ಬರೆದರು. ಶಾಲೆಯೇ ಮಗುವನ್ನು ಬಿಟ್ಟು ಮುಂದೆ ಹೋಗಿತ್ತು ಎಂಬುದು ಯಾವ ದಾಖಲೆಯಲ್ಲೂ ಬರಲಿಲ್ಲ.

ಋಷಿವ್ಯಾಲಿಗೆ ಹೋಗಿಬಂದವರು

ಇದಕ್ಕೊಂದು ದಾರಿ ಹುಡುಕಿಕೊಂಡು ಈ ಭಾಗದ ಶಿಕ್ಷಕರು ಹೋದದ್ದು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ಋಷಿವ್ಯಾಲಿಗೆ. ಜಿಡ್ಡು ಕೃಷ್ಣಮೂರ್ತಿಯವರು 1895ರಲ್ಲಿ ಹುಟ್ಟಿದ್ದು ಇದೇ ಮದನಪಲ್ಲಿಯಲ್ಲಿ. ಅವರು ಸ್ಥಾಪಿಸಿದ ದೊಡ್ಡ ವಸತಿ ಶಾಲೆ ಪ್ರಸಿದ್ಧವಾದದ್ದೇ. ಕೋಟೆಯ ಶಿಕ್ಷಕರನ್ನು ಸೆಳೆದದ್ದು ಮಾತ್ರ ಅದರ ಸುತ್ತಲಿನ ಹಳ್ಳಿಗಳಲ್ಲಿದ್ದ ಪುಟ್ಟ ಶಾಲೆಗಳು. ಬಂಡೆಗುಡ್ಡಗಳ ನಡುವೆ, ಒಂದೊಂದೇ ಕೋಣೆಯ, ಒಬ್ಬೊಬ್ಬರೇ ಶಿಕ್ಷಕರಿದ್ದ ಶಾಲೆಗಳವು. ವೈ.ಎ. ಪದ್ಮನಾಭರಾವ್ ಮತ್ತು ಎ. ರಮಾ ದಂಪತಿ ಅಲ್ಲಿ ಪಠ್ಯಪುಸ್ತಕವನ್ನು ಬಿಡಿಬಿಡಿ ಕಾರ್ಡುಗಳಾಗಿ ಒಡೆದು, ಆ ಕಾರ್ಡುಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ, ಮಗು ತನ್ನ ವೇಗದಲ್ಲಿ ಹತ್ತಬಹುದಾದ ಏಣಿಯೊಂದನ್ನು ಕಟ್ಟಿದ್ದರು. ಇಡೀ ಶಾಲೆ ಒಂದು ಪೆಟ್ಟಿಗೆಯಲ್ಲಿ ಹಿಡಿಯುವಂತಿದ್ದುದರಿಂದ ‘ಪೆಟ್ಟಿಗೆಯೊಳಗಿನ ಶಾಲೆ’ ಎಂದೇ ಅದಕ್ಕೆ ಹೆಸರು ಬಿತ್ತು.

ನೋಡಿಬಂದ ಶಿಕ್ಷಕರು ಅದನ್ನು ತೆಲುಗಿನಿಂದ ಕನ್ನಡಕ್ಕೆ ಇಳಿಸಿ ಸುಮ್ಮನಾಗಲಿಲ್ಲ. ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಆಟ ಹೆಣೆದರು. ಯುನಿಸೆಫ್ ನೆರವಿನಿಂದ 1995ರಲ್ಲಿ ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಪ್ರಯೋಗ ಶುರುವಾಯಿತು. ಅದರ ಹೆಸರೇ ‘ನಲಿ-ಕಲಿ’. ಆದೇಶ ಮೇಲಿನಿಂದ ಇಳಿದು ಬರುವ ನಮ್ಮ ಶಿಕ್ಷಣ ಇಲಾಖೆಯ ಇತಿಹಾಸದಲ್ಲಿ, ತರಗತಿಯೊಳಗಿನ ಶಿಕ್ಷಕರಿಂದಲೇ ಮೇಲಕ್ಕೆ ಹೋದ ಅಪರೂಪದ ಸಂಗತಿ ಇದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಅದು ಹಬ್ಬಿತು.

ಕೋಣೆಯ ಒಳಗೆ

ನಲಿ-ಕಲಿಗೆ ಸಜ್ಜಾದ ಕೋಣೆಯ ಬಾಗಿಲಲ್ಲಿ ನಿಂತವರು ಮೊದಲು ಹುಡುಕುವುದು ‘ಮುಂಭಾಗ’ ಎಲ್ಲಿ ಎಂದು. ಅದು ಸಿಗುವುದಿಲ್ಲ. ಮೇಷ್ಟ್ರ ಕುರ್ಚಿ ಗೋಡೆಯ ಬದಿಗೆ ಸರಿದಿರುತ್ತದೆ. ಮಕ್ಕಳು ನೆಲದ ಮೇಲೆ, ಚಾಪೆಯ ಮೇಲೆ ಐದಾರು ದುಂಡನೆಯ ಗುಂಪುಗಳಾಗಿ ಕೂತಿರುತ್ತಾರೆ. ಕೆಲವು ಶಾಲೆಗಳಲ್ಲಿ ಗಿಡ್ಡನೆಯ ದುಂಡುಮೇಜುಗಳಿವೆ. ಒಂದು, ಎರಡು, ಮೂರನೆಯ ತರಗತಿಯವರು ಬೆರೆತು ಕೂತಿರುವುದರಿಂದ ಯಾರು ಯಾವ ತರಗತಿ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ.

ಗುಂಪುಗಳಿಗೆ ಶಿಕ್ಷಕರ ಭಾಷೆಯಲ್ಲಿ ‘ತಟ್ಟೆ’ ಎಂದು ಹೆಸರು. ಹೊಸ ಪಾಠ ಕಲಿಯುವವರು ಶಿಕ್ಷಕರ ಪೂರ್ತಿ ಸಹಾಯದ ತಟ್ಟೆಯಲ್ಲಿ. ಸ್ವಲ್ಪ ಕಲಿತವರಿಗೆ ಶಿಕ್ಷಕರದು ಅರ್ಧ ಸಹಾಯ. ಆಮೇಲೆ ಗೆಳೆಯರ ಪೂರ್ತಿ ಸಹಾಯ, ಗೆಳೆಯರ ಅರ್ಧ ಸಹಾಯ, ಕೊನೆಗೆ ತಾನೇ ತಾನಾಗಿ ಕಲಿಯುವ ತಟ್ಟೆ. ಮಗು ಒಂದು ಚಟುವಟಿಕೆ ಮುಗಿಸಿದ ಮೇಲೆ ಎದ್ದು ಹೋಗಿ ಮುಂದಿನ ತಟ್ಟೆಯಲ್ಲಿ ಕೂರುತ್ತದೆ. ಪಾಠ ಮುಂದುವರಿಯುವುದೆಂದರೆ ಜಾಗ ಬದಲಾಗುವುದು. ಹೀಗಾಗಿ ಮೇಷ್ಟ್ರ ಕೆಲಸವೂ ಹಂಚಿಹೋಗುತ್ತದೆ. ನಲವತ್ತು ಮಕ್ಕಳ ಮೇಲೆ ಒಟ್ಟಿಗೇ ಕೂಗಬೇಕಾದ ಅಗತ್ಯ ಇಲ್ಲ. ಅವರು ಕೂರಬೇಕಾದದ್ದು ಮುಖ್ಯವಾಗಿ ಮೊದಲೆರಡು ತಟ್ಟೆಗಳ ಬಳಿ. ಮಿಕ್ಕವರು ಒಬ್ಬರಿಗೊಬ್ಬರು ಹೇಳಿಕೊಡುತ್ತಿರುತ್ತಾರೆ.

ಗೋಡೆಯ ಮೇಲೆ ಕಲಿಕೆಯ ಏಣಿ. ಅದರ ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಒಂದು ಸಂಖ್ಯೆ. ಓದಲು ಬಾರದ ಮಗುವೂ ತಾನು ಯಾವ ಚಿತ್ರದ ಬಳಿ ನಿಂತಿದ್ದೇನೆ ಎಂದು ಬೆರಳಿಟ್ಟು ತೋರಿಸಬಲ್ಲದು. ಗುರುತು ನೋಡಿಕೊಂಡು ಹೋಗಿ ಅದೇ ಗುರುತಿನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಹಾಗೆ ತೆಗೆದುಕೊಳ್ಳಬೇಕಾದರೆ ಕಾರ್ಡುಗಳ ಗೂಡು ಮಗುವಿನ ಕೈಗೆ ಎಟುಕುವ ಎತ್ತರದಲ್ಲಿರಬೇಕು. ಬೀರುವಿನಲ್ಲಿಟ್ಟು ಬೀಗ ಹಾಕಿದರೆ, ‘ಹಾಳಾದರೆ ಲೆಕ್ಕ ಯಾರು ಕೊಡುತ್ತಾರೆ’ ಎಂಬ ಭಯಕ್ಕೆ ಮೇಲಿನ ಅಟ್ಟದಲ್ಲಿಟ್ಟರೆ, ಇಡೀ ಪದ್ಧತಿ ಅಲ್ಲೇ ನಿಂತುಹೋಗುತ್ತದೆ. ಗೂಡು ಒಂದಡಿ ಮೇಲಿರಬೇಕೋ ಕೆಳಗಿರಬೇಕೋ ಎಂಬುದು ಇಲ್ಲಿ ಬಡಗಿಯೊಬ್ಬನಿಗೇ ಬಿಡುವ ಮಾತಲ್ಲ.

ಗೋಡೆಯ ಕೆಳಭಾಗದಲ್ಲಿ, ಕೂತ ಮಗುವಿನ ಎದೆಮಟ್ಟಕ್ಕೆ, ಉದ್ದಕ್ಕೂ ಕಪ್ಪು ಬಣ್ಣದ ಪಟ್ಟಿ. ಇದು ಗೋಡೆ ಸ್ಲೇಟು. ಪ್ರತಿ ಮಗುವಿಗೂ ಅದರಲ್ಲಿ ಒಂದು ಪಾಲು. ದೊಡ್ಡ ಕಪ್ಪುಹಲಗೆ ಎಂದರೆ ಮೇಷ್ಟ್ರ ಸ್ವತ್ತು, ತಪ್ಪು ಬರೆದರೆ ಎಲ್ಲರೂ ನಗುವ ಜಾಗ. ಗೋಡೆ ಸ್ಲೇಟಿನಲ್ಲಿ ತಪ್ಪು ಬರೆದರೆ ಅಂಗೈಯಲ್ಲಿ ಒರೆಸಿದರೆ ಮುಗಿಯಿತು. ಅಷ್ಟೇ ಅಲ್ಲ, ನಡುವೆ ನಿಂತು ಒಂದು ಸುತ್ತು ತಿರುಗಿದರೆ ಯಾರ ‘ಗ’ ಸೊಟ್ಟಗಿದೆ, ಯಾರ ‘ದ’ ಇನ್ನೂ ಕೂಡಿಲ್ಲ ಎಂಬುದು ಶಿಕ್ಷಕರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಅಕ್ಷರಗಳ ಸರದಿಯೂ ಬದಲಾಗಿದೆ. ‘ಅ ಆ ಇ ಈ’ಯಿಂದ ಹೊರಡದೆ ಮಗು ‘ರ ಗ ಸ ದ ಅ’ದಿಂದ ಹೊರಡುತ್ತದೆ. ಈ ಐದು ಬಂದರೆ ಸಾಕು, ‘ಸರ’, ‘ಅಗಸ’, ‘ಅರಸ’, ‘ಗರಗಸ’ ಎಂದು ಓದಿ ಬೀಗಬಹುದು. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ.

ತಲೆಯ ಮೇಲೆ ಚಪ್ಪರ. ಮದುವೆಮನೆಯ ಚಪ್ಪರದಂತೆಯೇ ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದ, ಕಟ್ಟಿದ ಪದಗಳನ್ನು ತೂಗುಹಾಕಿರುತ್ತಾರೆ. ಬಾಗಿಲ ಪಕ್ಕದಲ್ಲಿ ಹಾಜರಿ ಮತ್ತು ಹವಾಮಾನದ ಪಟ್ಟಿಗಳು. ಇವತ್ತು ಮೋಡವೋ ಬಿಸಿಲೋ ಎಂದು ನೋಡಿ ಗುರುತು ಹಾಕುವುದು ಮಕ್ಕಳದೇ ಕೆಲಸ.

ಕೊಡಗಿನಿಂದ ವಾಪಸು ಬಂದ ಹುಡುಗನ ಮಾತು ಈಗ ನೋಡಿ. ಏಣಿಯಲ್ಲಿ ಅವನು ಬಿಟ್ಟುಹೋದ ಮೆಟ್ಟಿಲು ಹಾಗೆಯೇ ಇರುತ್ತದೆ. ಆ ಚಿತ್ರದ ಕಾರ್ಡು ಗೂಡಿನಲ್ಲಿರುತ್ತದೆ. ಅದೇ ಮೆಟ್ಟಿಲಲ್ಲಿರುವ ಇನ್ನಿಬ್ಬರು ಮೂವರು ಯಾವುದೋ ತಟ್ಟೆಯಲ್ಲಿ ಕೂತಿರುತ್ತಾರೆ. ಅವನು ಹೋಗಿ ಪಕ್ಕದಲ್ಲಿ ಕೂತರಾಯಿತು. ‘ಹಿಂದುಳಿದವನು’ ಎಂದು ತೋರಿಸಲು ಕೊನೆಯ ಸಾಲೇ ಅಲ್ಲಿಲ್ಲ.

ಹೊಸದೇ, ಹಳೆಯದೇ?

ನೆಲದ ಮೇಲೆ ದುಂಡಗೆ ಕೂರುವುದು, ತಿಳಿದವನು ತಿಳಿಯದವನಿಗೆ ಹೇಳುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ನಮ್ಮ ಕೂಲಿಮಠಗಳಲ್ಲಿ ಮಕ್ಕಳು ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಐಗಳ ಬೆತ್ತ, ಕೋದಂಡದ ಶಿಕ್ಷೆಗಳನ್ನು ಯಾರೂ ಹೊಗಳಬೇಕಿಲ್ಲ. ಆ ಮಠಗಳ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯುವಂತೆಯೂ ಇಲ್ಲ. ಆದರೆ ಕೂರುವ ಕ್ರಮದಲ್ಲಿ ಒಂದು ಜಾಣತನವಿತ್ತು.

ಅದನ್ನು ಗುರುತಿಸಿದವನು ಒಬ್ಬ ಸ್ಕಾಟ್ಲೆಂಡಿನ ಪಾದ್ರಿ. ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಗಂಡುಮಕ್ಕಳ ಶಾಲೆಯ ಹೊಣೆ 1789ರಲ್ಲಿ ಹೊತ್ತ ಆಂಡ್ರ್ಯೂ ಬೆಲ್, ಸ್ಥಳೀಯ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೂ ತಂದ. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದ. ಇಂಗ್ಲೆಂಡಿಗೆ ಮರಳಿ 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ‘ಮದರಾಸು ಪದ್ಧತಿ’ ಎಂದು ಅದು ಅಲ್ಲಿ ಹೆಸರಾಯಿತು. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಇಂಥದೇ ಪದ್ಧತಿಯಲ್ಲಿ ದೊಡ್ಡ ಹಜಾರದ ತುಂಬ ಬೆಂಚುಗಳನ್ನು ಸಾಲುಸಾಲಾಗಿ ಹಾಕಿ ನೂರಾರು ಮಕ್ಕಳನ್ನು ಕೂರಿಸಿದ. ಇಲ್ಲಿನ ಮರಳಿನಿಂದ ಎದ್ದು ಹೋದ ಪಾಠ ಅಲ್ಲಿ ಬೆಂಚಿನ ಮೇಲೆ ಕೂತಿತು. ಬ್ರಿಟಿಷರ ಕಾಲದ ಶಾಲೆಗಳ ಜೊತೆ ಬೆಂಚಿನ ಸಾಲು ಇಲ್ಲಿಗೆ ಬಂದಾಗ ಅದೇ ನಾಗರಿಕತೆಯ ಗುರುತಾಯಿತು.

ಬೆಂಚಿನ ಮಾನ

ಆ ಗುರುತು ಇನ್ನೂ ಅಳಿದಿಲ್ಲ. ನಲಿ-ಕಲಿಯ ದೊಡ್ಡ ಸಂಕಟ ಇರುವುದು ಇಲ್ಲಿಯೇ. ಹಳ್ಳಿಯ ತಾಯಿತಂದೆಗೆ ಶಾಲೆ ಎಂದರೆ ಬೆಂಚು, ಟೈ, ಪುಸ್ತಕದ ಹೊರೆ. ಹಳದಿ ಬಸ್ಸಿನಲ್ಲಿ ಪಕ್ಕದ ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುವ ಮಗು ಬೆಂಚಿನ ಮೇಲೆ ಕೂರುತ್ತದೆ, ತಮ್ಮ ಮಗು ನೆಲದ ಮೇಲೆ. ತಲೆತಲಾಂತರದಿಂದ ಯಾರನ್ನು ನೆಲದ ಮೇಲೆಯೇ ಕೂರಿಸುತ್ತ ಬಂದರೋ ಆ ಕೇರಿಯ ಜನಕ್ಕೆ, ಹಾಡಿಯ ಜನಕ್ಕೆ ಈ ಮಾತು ಇನ್ನಷ್ಟು ನೋಯುತ್ತದೆ. ಮೇಷ್ಟ್ರು ಕುರ್ಚಿ ಬಿಟ್ಟು ಮಕ್ಕಳ ಪಕ್ಕ ನೆಲದ ಮೇಲೆ ಕೂತರೆ ಮಾತ್ರ ಆ ನೋವಿಗೆ ಸ್ವಲ್ಪ ಉತ್ತರ ಸಿಕ್ಕೀತು. ಮೇಷ್ಟ್ರು ಮೇಲೆ, ಮಕ್ಕಳು ಕೆಳಗೆ ಎಂದಾದರೆ ಅದು ಹಳೆಯ ಅಂತರವೇ ಹೊರತು ನಲಿ-ಕಲಿ ಅಲ್ಲ.

ದಾನಿಗಳ ಪ್ರೀತಿಯೂ ಒಮ್ಮೊಮ್ಮೆ ತೊಡಕಾಗುತ್ತದೆ. ಹಳೆಯ ವಿದ್ಯಾರ್ಥಿಯೋ ಊರಿನ ಗಣ್ಯರೋ ಶಾಲೆಗೆ ಕೊಡುವ ಮೊದಲ ಉಡುಗೊರೆ ಕಬ್ಬಿಣದ ಕಾಲಿನ ಡೆಸ್ಕು. ಒಂದು ಚಿಕ್ಕ ಕೋಣೆಗೆ ಹತ್ತು ಡೆಸ್ಕು ಬಂದರೆ ತಟ್ಟೆಗಳಿಗೆ ಜಾಗವಿಲ್ಲ, ಮಗು ಎದ್ದು ಓಡಾಡಲು ದಾರಿಯಿಲ್ಲ, ಗೋಡೆ ಸ್ಲೇಟು ಡೆಸ್ಕಿನ ಮರೆಗೆ ಹೋಗುತ್ತದೆ. ಒಂದೇ ಒಂದು ಮಾತನ್ನೂ ಆಡದೆ ಪೀಠೋಪಕರಣ ಪದ್ಧತಿಯನ್ನು ಬದಲಿಸಿಬಿಡುತ್ತದೆ. ಹಾಗೆಂದು ಬೆಂಚು ಶತ್ರುವೂ ಅಲ್ಲ. ಕೂರುವ ಕ್ರಮದ ಬಗ್ಗೆ ನಡೆದ ಅಧ್ಯಯನಗಳನ್ನು 2008ರಲ್ಲಿ ಅಮೆರಿಕದಲ್ಲಿ ಒಟ್ಟಾಗಿ ಪರಿಶೀಲಿಸಿದಾಗ ಕಂಡದ್ದು ಸರಳವಾದ ಮಾತು: ಒಬ್ಬೊಬ್ಬರೇ ಮಾಡುವ ಕೆಲಸಕ್ಕೆ ಸಾಲು ಒಳ್ಳೆಯದು, ಮಾತಾಡಿ ಕಲಿಯುವ ಕೆಲಸಕ್ಕೆ ಗುಂಪು ಒಳ್ಳೆಯದು. ಕೆಲಸ ಯಾವುದೋ ಅದಕ್ಕೆ ತಕ್ಕ ಕೂಟ. ಎತ್ತಿಡಲು ಆಗದ ಡೆಸ್ಕಿನಿಂದ ಈ ಆಯ್ಕೆಯೇ ತಪ್ಪಿಹೋಗುತ್ತದೆ. ಚಾಪೆಯಾದರೆ ಸುತ್ತಿಡಬಹುದು.

ಇನ್ನೊಂದು ಅಪಾಯ ಚಪ್ಪರದ್ದು. ತೋರಿಕೆಗಾಗಿ ಕಟ್ಟಿದ ಚಪ್ಪರ, ಸಾಹೇಬರು ಬರುವ ಹಿಂದಿನ ದಿನ ಅಂಟಿಸಿದ ಬಣ್ಣದ ಚಾರ್ಟು ಮಗುವಿಗೆ ಏನನ್ನೂ ಹೇಳುವುದಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 24 ಪುಟ್ಟ ಮಕ್ಕಳಿಗೆ ಕೆಲವು ಪಾಠಗಳನ್ನು ಬರಿಗೋಡೆಯ ಕೋಣೆಯಲ್ಲೂ ಕೆಲವನ್ನು ಅಲಂಕಾರ ತುಂಬಿದ ಕೋಣೆಯಲ್ಲೂ ಹೇಳಿದರು. ಅಲಂಕಾರದ ಕೋಣೆಯಲ್ಲಿ ಮಕ್ಕಳ ಗಮನ ಹೆಚ್ಚು ಚದುರಿತು, ಕಲಿತದ್ದೂ ಕಡಿಮೆಯಾಯಿತು. ಇಂಗ್ಲೆಂಡಿನ 27 ಶಾಲೆಗಳ 153 ತರಗತಿ ಕೋಣೆಗಳನ್ನು ಅಳೆದು ನೋಡಿದ ಸ್ಯಾಲ್‌ಫರ್ಡ್ ವಿಶ್ವವಿದ್ಯಾಲಯದ ವರದಿ ಬಂದದ್ದು 2015ರಲ್ಲಿ. ಒಂದು ವರ್ಷದಲ್ಲಿ ಮಕ್ಕಳ ಪ್ರಗತಿಯಲ್ಲಿ ಕಂಡ ವ್ಯತ್ಯಾಸದ ಶೇ. 16ರಷ್ಟು ಭಾಗಕ್ಕೆ ಕೋಣೆಯೇ ಕಾರಣ ಎಂದಿತು ಅದು. ಅದರ ಪಟ್ಟಿಯಲ್ಲಿ ಮುಂದಿದ್ದವು ಬೆಳಕು, ಗಾಳಿ, ಹದವಾದ ಶಾಖ, ‘ಇದು ನನ್ನ ಕೋಣೆ’ ಎಂಬ ಭಾವ. ಗೋಡೆ ತೀರ ಬೋಳಾಗಿಯೂ ಇರಬಾರದು, ತೀರ ತುಂಬಿಯೂ ಇರಬಾರದು ಎಂದೂ ಹೇಳಿತು.

ಹೀಗಾಗಿ ಚಪ್ಪರದಲ್ಲಿ ತೂಗಬೇಕಾದದ್ದು ಅಂಗಡಿಯಿಂದ ತಂದ ಬಣ್ಣದ ಕಾಗದವಲ್ಲ, ಮೊನ್ನೆ ಮಗು ಬರೆದದ್ದು; ಹಳೆಯದಾದಾಗ ಇಳಿಸಿ ಹೊಸದಕ್ಕೆ ಜಾಗ ಬಿಡಬೇಕಾದದ್ದು. ಕಳೆದುಹೋದ ಕಾರ್ಡು, ಹರಿದ ಏಣಿ, ಬಣ್ಣ ಹೋದ ಗೋಡೆ ಸ್ಲೇಟು ವರ್ಷ ವರ್ಷ ಸರಿಯಾಗಬೇಕು. ಗೋಡೆ ಸ್ಲೇಟಿಗೆ ಒಂದು ಡಬ್ಬ ಕಪ್ಪು ಬಣ್ಣ ಸಾಕು. ಅದು ಸಕಾಲಕ್ಕೆ ಬಾರದೆ ಸೊರಗಿದ ಕೋಣೆಯಲ್ಲಿ ಉಳಿಯುವುದು ನಲಿ-ಕಲಿಯ ಹೆಸರು ಮಾತ್ರ.

ಗೋಡೆಯೂ ಗುರು

ಕಟ್ಟಡವನ್ನೇ ಕಲಿಕೆಯ ಸಾಧನ ಮಾಡುವ ಯೋಚನೆ ಈ ಶತಮಾನದ ಮೊದಲ ವರ್ಷಗಳಿಂದ ದೇಶದ ಬೇರೆಡೆಯೂ ಬೆಳೆದಿದೆ. ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಅವರು ರೂಪಿಸಿದ ‘ಬಾಲಾ’ ಪದ್ಧತಿ ಹೇಳುವುದು ಇದನ್ನೇ. ಬಾಗಿಲು ತೆರೆಯುವ ಜಾಗದಲ್ಲಿ ನೆಲದ ಮೇಲೆ ಕೋನಗಳನ್ನು ಗುರುತಿಸಿದರೆ ಬಾಗಿಲೇ ಕೋನಮಾಪಕ. ಮೆಟ್ಟಿಲಿಗೆ ಸಂಖ್ಯೆ ಬರೆದರೆ ಹತ್ತಿದ್ದೇ ಕೂಡುವ ಲೆಕ್ಕ, ಇಳಿದದ್ದೇ ಕಳೆಯುವ ಲೆಕ್ಕ. ಕಿಟಕಿಯ ಸರಳಿನ ಬಾಗುಗಳ ಮೇಲೆ ಬೆರಳಾಡಿಸಿದರೆ ಅಕ್ಷರ ಬರೆಯುವ ಮೊದಲ ಅಭ್ಯಾಸ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಹೇಗಿದ್ದರೂ ಸುಣ್ಣಬಣ್ಣ ಮಾಡಿಸಬೇಕು, ಹೇಗಿದ್ದರೂ ಕಿಟಕಿ ಇಡಬೇಕು. ಮಗುವಿನ ಕಣ್ಣಿನ ಎತ್ತರದಲ್ಲಿ ಯೋಚಿಸಿ ಮಾಡಬೇಕಷ್ಟೆ.

2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೋಣೆ ಇರಬೇಕೆಂದು ಹೇಳಿದೆ. ಕೋಣೆ ಎಷ್ಟು ಎಂಬುದನ್ನು ಕಾಯಿದೆ ಎಣಿಸಬಲ್ಲದು. ಆ ಕೋಣೆಯೊಳಗೆ ಕಪ್ಪು ಪಟ್ಟಿ ಎಷ್ಟು ಎತ್ತರದಲ್ಲಿರಬೇಕು, ಕಾರ್ಡಿನ ಗೂಡಿಗೆ ಬೀಗವಿರಬೇಕೇ, ಮೇಷ್ಟ್ರು ಎಲ್ಲಿ ಕೂರಬೇಕು ಎಂಬುದನ್ನು ಆಯಾ ಶಾಲೆಯವರೇ ಯೋಚಿಸಬೇಕು. ಮೂವತ್ತು ವರ್ಷಗಳ ಹಿಂದೆ ಕೋಟೆಯ ಶಿಕ್ಷಕರು ಯೋಚಿಸಿದ್ದೂ ಇದನ್ನೇ.

ಕಬಿನಿಯ ಕಡೆ ಹೊರಟವರು ಶಾಲೆಯ ದಿನವೊಂದರಲ್ಲಿ ಅನುಮತಿ ಕೇಳಿ ದಾರಿಬದಿಯ ಶಾಲೆಯೊಂದರ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲಬಹುದು. ಆ ಕೋಣೆ ಮಕ್ಕಳಿಗಾಗಿ ಸಜ್ಜಾಗಿದೆಯೋ ಇಲ್ಲವೋ ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಬಾಗಿಲಲ್ಲೇ ಮಗುವಿನಷ್ಟು ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ಒಳಗೆ ನೋಡಿದರೆ ಸಾಕು.